ಹಜರತ್ ಅಲಿ ಸಾಹೇಬರ ಅಂಗಡಿಗೆ ಆಳು ಸಿಕ್ಕ ಪ್ರಸಂಗ

ಹಿರಿಯೂರಿನಲ್ಲಿ ಕೆಲಸ ಕೊಡುವವರಿಗೆ ಆಳು ಸಿಗುವುದಿಲ್ಲ, ಆಳುಗಳಿಗೆ ಕೆಲಸ ಸಿಗುವುದಿಲ್ಲ. ಇಬ್ಬರೂ ಒಂದೇ ಬೀದಿಯಲ್ಲಿ, ಜಗಳ ಆಡಿದ ಓರಗಿತ್ತಿಯರ ಹಾಗೆ, ಮುಖಕ್ಕೆ ಮುಖ ಕೊಡದೆ ಬಾಳುತ್ತಿದ್ದಾರೆ. ಇದು ಸರ್ವರೂ ಒಪ್ಪಿಕೊಂಡ ಸಂಗತಿಯಾದ್ದರಿಂದ ಯಾರ ತಕರಾರೂ ಇರಲಿಲ್ಲ.

ತಕರಾರು ಬಂದದ್ದು ಗಾದಿ ಹಜರತ್ ಅಲಿ ಸಾಹೇಬರಿಗೆ. ಮುತ್ತಾತನ ಕಾಲದ ಗಾದಿ ಅಂಗಡಿ ಅವರದು. ಅಲ್ಲಿ ಹತ್ತಿ ಹಿಂಜುವ ಮಿಷಿನ್ನಿನ ಮುಂದೆ ಕೂರುತ್ತಿದ್ದ ಬೋರಣ್ಣ, "ಸಾಬ್ರೇ, ಮೂಗು ಬಾಯಿ ಎಲ್ಲಾ ಹತ್ತಿ ತುಂಬೈತೆ, ಇನ್ನು ನನ್ನೇ ಹೊಲ್ದು ಮಾರ್ಬೌದು" ಎಂದವನು ಮಗಳ ಊರು ತಾಳ್ಯಕ್ಕೆ ಹೋಗಿ ಅಲ್ಲೇ ಉಳಿದ. ಅದೇ ವಾರ ಆದಿವಾಲದ ಹಿಟ್ಟಿನ ಗಿರಣಿಯ ಚಿಕ್ಕತಿಮ್ಮಪ್ಪ ಬಂದು, ಮಗಳು ರಮ್ಯಾಳ ಮದುವೆಗೆ ಗಾದಿ, ದಿಂಬು, ಬೀಗರ ಕಡೆಯವರಿಗೆ ಹಾಸಿಗೆ ಎಲ್ಲ ಮಾಡಿಕೊಡಲು ಹೇಳಿದ.

"ಬೀಗ್ರು ಹೊಸದುರ್ಗದೋರು ಸಾಬ್ರೇ. ನೆಲದ ಮೇಲೆ ಮಲಗ್ಸಿದ್ರೆ ಮೊಮ್ಮಕ್ಕಳ ಮದುವೆ ತನಕ ಎತ್ತಿ ಆಡ್ತಾರೆ. ನಮ್ಮುಡುಗಿ ಅಲ್ಲಿ ಬಾಳ್ಬೇಕು."

ಸಾಹೇಬರು ಎದೆ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಆ ಅಂಗಡಿಯ ಗಾದಿ ಮದುವೆಗೆ ತಡವಾಗಿ ಹೋದ ಚರಿತ್ರೆ ಇರಲಿಲ್ಲ. ಈಗ ಆ ಚರಿತ್ರೆಗೆ ಒಬ್ಬ ಆಳು ಕಡಿಮೆ ಬಿದ್ದಿದ್ದ.

ಇಂಥ ಹೊತ್ತಿಗೆ ಬಬ್ಬೂರಿನ ಕಿರಣ್‌ಕುಮಾರ್ ಬಂದ. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು. ಲ್ಯಾಪ್‌ಟಾಪು ಮೂರನೇ ಸುತ್ತಿನ ಹೂಡಿಕೆಯಲ್ಲಿ ಬರುವುದಿತ್ತು. ಅವನ ಸ್ಟಾರ್ಟಪ್ಪಿನ ಹೆಸರು ಬಳಗ ಜಾಬ್ಸ್. ವಾಟ್ಸಾಪು, ಫೇಸ್‌ಬುಕ್ಕಿನ ಬಂಧುಬಳಗದ ಮೂಲಕವೇ ಆಳು ಹುಡುಕಿಕೊಡುವುದು ಅದರ ಧ್ಯೇಯ.

"ಅಂಕಲ್, ವಾಟ್ಸಾಪ್‌ನಾಗೆ ಹೆಣ್ಣು ಕುದುರ್ತೈತೆ, ಸೈಟು ಮಾರಾಟ ಆಗ್ತೈತೆ, ಸಾಯೋನಿಗಿಂತ ಮುಂಚೆ ಸತ್ತ ಸುದ್ದಿ ಊರು ಮುಟ್ತೈತೆ. ಒಬ್ಬ ಆಳು ಸಿಗಲ್ವಾ?"

"ಸಿಗ್ತಾನಂದ್ರೆ ಕಳಿಸಪ್ಪ, ಪುಣ್ಯ ಬರ್ತದೆ."

"ಕಳಿಸಾಕೆ ಕಂಪನಿ ಇರ್ಬೇಕಲ್ಲ. ಕಂಪನಿ ಇರಾಕೆ ನೀವು ಹೂಡಿಕೆ ಮಾಡ್ಬೇಕು."

"ನನ್ ಹತ್ರ ದುಡ್ಡೆಲ್ಲೈತೆ?"

"ದುಡ್ಡು ಯಾರು ಕೇಳಿದ್ರು? ಜಾಗ ಕೊಡ್ರಿ ಸಾಕು."

ಹೀಗೆ ಮೊದಲ ಸುತ್ತಿನ ಹೂಡಿಕೆಯಾಗಿ ಅಂಗಡಿಯ ಮುಂದಿನ ಅರ್ಧ ಕಂಪನಿಗೆ ಹೋಯಿತು. ಎರಡನೇ ಸುತ್ತಿಗೆ ಫ್ಯಾನು, ಬೆಂಚು, ಸಾಹೇಬರ ಹೆಂಡತಿ ನಾಜಿಮಾ ತವರಿಂದ ತಂದ ಚಹದ ಫ್ಲಾಸ್ಕು ಹೋದವು.

"ಮೂರನೇ ಸುತ್ತಿಗೆ ನನ್ನೇ ಕೊಡೋದಾದ್ರೆ ಮೊದ್ಲೇ ಹೇಳ್ರಿ" ಎಂದರು ನಾಜಿಮಾ. "ಒಳ್ಳೆ ಸೀರೆ ಉಟ್ಕಂಡಿರ್ತೀನಿ."

ಮೂರನೇ ಸುತ್ತಿಗೆ ಹಿಂಜುವ ಮಿಷಿನ್ನು ಸಾಕಾಯಿತು. ದೊಡ್ಡ ಹೂಡಿಕೆದಾರರು ಬಂದರೆ ತೋರಿಸಲು ಕಂಪನಿಗೆ ಆಸ್ತಿ ಬೇಕು ಎಂಬುದು ಕಿರಣನ ವಾದ. ಮಿಷಿನ್ನಿಗೆ ಬಿಳಿ ಬಟ್ಟೆ ಹೊದಿಸಿ, ಮೇಲೆ ಹೊಸ ಲ್ಯಾಪ್‌ಟಾಪು ಇಟ್ಟು, ಗೋಡೆಗೆ ನಿಯಮ ಅಂಟಿಸಲಾಯಿತು:

"ನಿಯಮ ಏಳು: ಸಿಬ್ಬಂದಿಯಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಹೂಡಿಕೆದಾರರು ವರ್ಷಕ್ಕೊಮ್ಮೆ ಸಭೆಗೆ ಬಂದು ಚಪ್ಪಾಳೆ ತಟ್ಟತಕ್ಕದ್ದು."

ಒಂದರಿಂದ ಆರರವರೆಗಿನ ನಿಯಮಗಳನ್ನು ಇನ್ನೂ ಬರೆದಿರಲಿಲ್ಲ. ಏಳು ಅರ್ಜೆಂಟಿತ್ತು.

ಸಾಹೇಬರು ನಿಯಮಕ್ಕೆ ತಲೆಬಾಗಿ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಒಳಗಿನಿಂದ ಕಂಪನಿಯ ಮೊದಲ ಪ್ರಕಟಣೆ ಹೊರಬಿತ್ತು:

"ಬೇಕಾಗಿದ್ದಾರೆ. ಹಿರಿಯೂರಿನ ಪ್ರತಿಷ್ಠಿತ ಗಾದಿ ಸಂಸ್ಥೆಗೆ ಹತ್ತಿ ಹಿಂಜುವ ಅನುಭವಿ. ದಮ್ಮು, ಉಬ್ಬಸ ಇರಕೂಡದು; ಇದ್ದರೆ ಸಂದರ್ಶನದ ವೇಳೆ ಕೆಮ್ಮಕೂಡದು. ಈ ಸಂದೇಶವನ್ನು ಹತ್ತು ಗುಂಪುಗಳಿಗೆ ಕಳಿಸಿದವರಿಗೆ ಸಂಜೆಯೊಳಗೆ ಶುಭಸುದ್ದಿ ಬರುವುದು. ಅಲಕ್ಷ್ಯ ಮಾಡಿದ ಹೊಳಲ್ಕೆರೆಯ ಒಬ್ಬರ ಬೈಕು ಕೆಟ್ಟಿದೆ."

ಬೈಕಿನ ಸುದ್ದಿ ಕೇಳಿ ಜಿಲ್ಲೆ ಎದ್ದು ಕೂತಿತು. ಸಂದೇಶ ಹೊಳಲ್ಕೆರೆಯ ಅಡಿಕೆ ರೇಟಿನ ಗುಂಪಿಗೆ ಹೋಯಿತು, ಚಿತ್ರದುರ್ಗದ ಹಳೇ ವಿದ್ಯಾರ್ಥಿಗಳ ಗುಂಪಿಗೆ ಹೋಯಿತು. ಎಲ್ಲರೂ ರೂಢಿಯಂತೆ ಓದದೆ ಕೈಮುಗಿದರು. ಹೊಸದುರ್ಗದ ಗುಂಪೊಂದರಲ್ಲಿ ಒಬ್ಬರು ಅವಸರಕ್ಕೆ "ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಹಾಕಿದರು. ಆಮೇಲಿನವರೆಲ್ಲ ಅದನ್ನೇ ಹಾಕಿದರು. ತಾಳ್ಯದಲ್ಲಿ ಬೋರಣ್ಣ ಕೂಡ "ಒಳ್ಳೇ ಜಾಗ, ನಾನು ಕಂಡಿದ್ದೇನೆ, ಯುವಕರು ಉಪಯೋಗ ಪಡೆಯಿರಿ" ಎಂದು ಸೇರಿಸಿ ಮುಂದಕ್ಕೆ ನೂಕಿದ.

ಕಂಪನಿಯ ಏಕೈಕ ಸಿಬ್ಬಂದಿ ಲತಾ ಎಲ್ಲವನ್ನೂ ವಿಂಗಡಿಸಿದಳು.

"ಸರ್, ಕೈ ಮುಗ್ದೋರು ಅರ್ಜಿ ಹಾಕ್ದಂಗೆ ಅಲ್ವಾ? ಶಾಂತಿ ಕೋರಿದೋರನ್ನ ಎಲ್ಲಿ ಹಾಕ್ಲಿ?"

"ಕಾಯೋ ಪಟ್ಟಿಗೆ ಹಾಕು. ಶಾಂತಿ ಇರೋರು ಕಾಯ್ತಾರೆ."

ಅರ್ಜಿಗಳು ರಾಶಿ ಬಿದ್ದವು. ಫೋನ್ ಮಾಡಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅಯ್ಯೋ, ನಾವು ಬರೀ ಫಾರ್ವರ್ಡ್ ಮಾಡಿದ್ದು."

ಇತ್ತ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತ ಸಾಹೇಬರ ಫೋಟೋವನ್ನು ಯಾರೋ ಸ್ಟೇಟಸ್ಸಿಗೆ ಹಾಕಿದರು. ಹೊಸದುರ್ಗದಿಂದ ತಂಗಿ ನೂರುನ್ನೀಸಾ ಫೋನಿನಲ್ಲೇ ಅತ್ತಳು.

"ಭಾಯ್ಜಾನ್, ಅಂಗಡಿ ಹೋತಂತೆ! ಅಬ್ಬಾ ಇದ್ದಿದ್ರೆ ಏನಂತಿದ್ರು? ಧೈರ್ಯ ಬಿಡ್ಬೇಡ. ಒಂದು ಮೆಸೇಜ್ ಕಳ್ಸೀನಿ ನೋಡು. ನಿಮ್ಮೂರ್ನಾಗೇ ಯಾವ್ದೋ ಗಾದಿ ಅಂಗಡಿಗೆ ಆಳು ಬೇಕಂತೆ. ನಿಂಗೆ ಬರೋ ಕೆಲ್ಸಾನೇ. ಮಾಲೀಕ ಎಂಥೋನೋ ಏನೋ, ಮುಂಗೋಪ ಮಾಡ್ಕಬೇಡ."

ಸಾಹೇಬರಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಎದುರಿಗೆ ಚಿಕ್ಕತಿಮ್ಮಪ್ಪ ಬೈಕು ನಿಲ್ಲಿಸಿದ.

"ಗಾದಿ ಎಲ್ಲಿ ಸಾಬ್ರೇ? ಬರೋ ಸೋಮವಾರ ಧಾರೆ. ಗಾದಿ ಬರ್ಲಿಲ್ಲ ಅಂದ್ರೆ ಬೀಗ್ರ ದಿಬ್ಬಣನೆಲ್ಲ ನಿಮ್ಮನೆಗೇ ಕಳಿಸ್ತೀನಿ. ಗೊರಕೆ ಹೊಡಿಯೋ ಜನ, ಹೇಳಿಲ್ಲ ಅಂತ ಅನ್ಬೇಡ್ರಿ."

ಮಿಷಿನ್ನು ಒಳಗಿತ್ತು. ಒಳಗೆ ಹೋಗಲು ಸಿಬ್ಬಂದಿಯಾಗಿರಬೇಕು. ಸಾಹೇಬರು ಸ್ವಲ್ಪ ಹೊತ್ತು ನಿಯಮ ಏಳನ್ನು ನೋಡಿದರು. ಆಮೇಲೆ ಟೋಪಿ ಸರಿಮಾಡಿಕೊಂಡು, ಫೋನು ತೆಗೆದು, ಅರ್ಜಿ ಹಾಕಿದರು.

ಸಂದರ್ಶನ ಪಾರದರ್ಶಕವಾಗಿ ನಡೆಯಿತು.

"ಅನುಭವ?" ಲತಾ ಕೇಳಿದಳು.

"ನಮ್ಮ ಮುತ್ತಾತನ ಕಾಲದಿಂದ..."

"ಅದು ಮುತ್ತಾತಂದು. ನಿಮ್ ಪ್ರೊಫೈಲ್‌ನಾಗೆ ಒಂದು ಗುಲಾಬಿ ಹೂವು ಬಿಟ್ರೆ ಏನೂ ಇಲ್ಲ."

"ಹತ್ತಿ ಹಾಕ್ಬೇಕಿತ್ತೇನಮ್ಮ?"

"ಹಳೇ ಕೆಲಸ ಯಾಕೆ ಬಿಟ್ರಿ?" ಇದು ಕಿರಣ.

"ನಾನು ಬಿಡ್ಲಿಲ್ಲಪ್ಪ. ನೀನು ಬಂದಿ."

"ಹಳೇ ಮಾಲೀಕರ ಜೊತೆ ಸಂಬಂಧ ಹೆಂಗೈತೆ?"

ಸಾಹೇಬರು ಗೋಡೆಯ ಕನ್ನಡಿಯತ್ತ ನೋಡಿದರು. "ಒಂದು ತಿಂಗಳಿಂದ ಮುಖ ಕೊಟ್ಟು ಮಾತಾಡಿಲ್ಲ."

"ನಿಮ್ಮ ಬಗ್ಗೆ ಶಿಫಾರಸು ಮಾಡೋ ಬಂಧುಗಳು?"

ಅರ್ಜಿಯ ಜೊತೆಗಿರಲಿ ಎಂದು ನೂರುನ್ನೀಸಾ ಕಳಿಸಿದ್ದ ಸಂದೇಶ ತೋರಿಸಲಾಯಿತು. "ಅಣ್ಣ ಒಳ್ಳೆಯವನು, ಸ್ವಲ್ಪ ಬೇಗ ನಂಬುತ್ತಾನೆ" ಎಂದಿತ್ತು. ಕಂಪನಿಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕಿರಲಿಲ್ಲ.

ನೇಮಕಾತಿಗೆ ಅಂಗಡಿ ಮಾಲೀಕರ ಒಪ್ಪಿಗೆ ಬೇಕಿತ್ತು. ಸಾಹೇಬರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಮಾಲೀಕರಾಗಿ ಸಹಿ ಹಾಕಿ, ಒಳಗೆ ಬಂದು ಆಳಾಗಿ ಪತ್ರ ತೆಗೆದುಕೊಂಡರು. ಸಂಬಳ ಮಾಲೀಕರು ಕೊಡತಕ್ಕದ್ದು. ಮೊದಲ ತಿಂಗಳದ್ದು ಕಂಪನಿಯ ಶುಲ್ಕ. ಎಡ ಜೇಬಿನಿಂದ ಬಲ ಜೇಬಿಗೆ ಹೊರಟ ಸಂಬಳ ದಾರಿಯಲ್ಲಿ ಕಿರಣನ ಮನೆಗೆ ಹೋಯಿತು, ಆಮೇಲೆ ಬರಲಿಲ್ಲ.

ಹಾರ ಹಾಕಿ ಫೋಟೋ ಹಿಡಿದರು. ಊರೆಲ್ಲ ಅಭಿನಂದಿಸಿತು. ಹೊಸದುರ್ಗದ ಗುಂಪು ಮತ್ತೆ ಆತ್ಮಕ್ಕೆ ಶಾಂತಿ ಕೋರಿತು. ನಾಜಿಮಾ ಮಾತ್ರ ಮೊದಲ ದಿನದ ಬುತ್ತಿ ಕಟ್ಟಿಕೊಡುತ್ತಾ, "ಬೇಗ ಹೋಗ್ರಿ, ತಡ ಆದ್ರೆ ನಿಮ್ ಮಾಲೀಕ ಬೈದಾನು" ಎಂದರು.

ಲ್ಯಾಪ್‌ಟಾಪು ಇಳಿಸಿ, ಬಟ್ಟೆ ಎಳೆದು, ಸಾಹೇಬರು ಮಿಷಿನ್ನು ಹಾಕಿದರು. ತಾವೇ ಹಿಂಜಿದರು, ತಾವೇ ತುಂಬಿದರು, ದಬ್ಬಳ ಹಿಡಿದು ತಾವೇ ಹೊಲಿದರು. ಕೆಮ್ಮು ಬಂದಾಗ ಹೊರಗೆ ಹೋಗಿ ಮಾಲೀಕರಾಗಿ ಕೆಮ್ಮಿ ಬಂದರು. ಧಾರೆಯ ಹಿಂದಿನ ದಿನ ಆದಿವಾಲಕ್ಕೆ ಗಾದಿ ಮುಟ್ಟಿತು. ಬೀಗರು ಮಲಗಿದವರು ಮುಹೂರ್ತಕ್ಕೆ ಎಬ್ಬಿಸಿದರೂ ಏಳಲಿಲ್ಲ. ರಮ್ಯಾಳ ಬಾಳು ಹಸನಾಯಿತು.

ಒಂದು ವಾರಕ್ಕೆ ಚಿಕ್ಕತಿಮ್ಮಪ್ಪ ಮತ್ತೆ ಬಂದ. ಅವನ ಗಿರಣಿಯ ಆಳು ಮದುವೆಯೂಟ ಉಂಡವನು ಕೆಲಸಕ್ಕೆ ಬಂದಿರಲಿಲ್ಲ.

"ಚಿಂತೆ ಬಿಡ್ರಿ. ನೂರಕ್ಕೆ ನೂರು ಯಶಸ್ಸು ನಮ್ದು" ಎಂದ ಕಿರಣ. ಇಲ್ಲಿಯತನಕ ಕಂಪನಿ ಕೆಲಸ ಕೊಡಿಸಿದ್ದು ಒಬ್ಬರಿಗೇ ಆದ್ದರಿಂದ ಲೆಕ್ಕ ಸರಿಯಿತ್ತು. "ಮೊದ್ಲ ಸುತ್ತಿಗೆ ಗಿರಣಿ ಮುಂದಿನ ಜಗಲಿ ಕೊಡ್ರಿ, ಸಾಕು."

ಚಿಕ್ಕತಿಮ್ಮಪ್ಪ ಹುಷಾರಿ ಮನುಷ್ಯ. ಬರೀ ಮಾತಿಗೆ ಬೀಳುವವನಲ್ಲ. ಹತ್ತಿಯ ಧೂಳಲ್ಲಿ ಕೂತ ಸಾಹೇಬರ ಹತ್ತಿರ ಹೋಗಿ ಕಿವಿಯಲ್ಲಿ ಕೇಳಿದ.

"ನಿಜ ಹೇಳ್ರಿ ಸಾಬ್ರೇ. ಇವ್ರು ಕೊಟ್ಟ ಆಳು ಹೆಂಗವ್ನೆ?"

ಸಾಹೇಬರು ಮಿಷಿನ್ನು ನಿಲ್ಲಿಸಿ, ಹುಬ್ಬಿನ ಮೇಲಿನ ಹತ್ತಿ ಒರೆಸಿಕೊಂಡು, ಅಲ್ಲಾನ ಮೇಲೆ ಆಣೆಯಿಟ್ಟು ಹೇಳಿದರು.

"ಆಳು ಚಿನ್ನದಂಥೋನು ತಿಮ್ಮಪ್ಪ. ಮಾಲೀಕನೇ ಸ್ವಲ್ಪ ದಡ್ಡ."

"ಅಷ್ಟೇ ತಾನೆ?" ಚಿಕ್ಕತಿಮ್ಮಪ್ಪನಿಗೆ ನಿರಾಳವಾಯಿತು. "ನಮ್ಮಲ್ಲಿ ಆ ತೊಂದ್ರೆ ಇಲ್ಲ ಬಿಡ್ರಿ. ಗಿರಣಿಗೆ ಮಾಲೀಕ ನಾನೇ ಅಲ್ವಾ!"

ಎಂದು ಹೇಳಿ, ಲತಾ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ.