ಚೆಂಡಿನ ಕೋಣೆಯಲ್ಲಿ ರಕ್ಷಣಾಧಿಕಾರಿ

ಪೋಷಕರ ಸಭೆಯ ನಡುವೆ ಎರಡೇ ನಿಮಿಷ ಶೌಚಕ್ಕೆಂದು ಎದ್ದು ಹೋದದ್ದು ಕನ್ನಡಕದಪ್ಪ ಮಾಡಿದ ತಪ್ಪು. ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರೆ ಎಲ್ಲರೂ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟುತ್ತಿದ್ದಾರೆ! ಶೌಚಕ್ಕೆ ಹೋಗಿ ಬಂದದ್ದಕ್ಕೆ ಇಷ್ಟೊಂದು ಮರ್ಯಾದೆ ಅವನಿಗೆ ಹುಟ್ಟಿದ ಲಾಗಾಯ್ತು ಸಿಕ್ಕಿರಲಿಲ್ಲ. ವಿಷಯ ಆಮೇಲೆ ತಿಳಿಯಿತು. ಮಕ್ಕಳ ಫುಟ್‌ಬಾಲ್ ಕ್ಲಬ್ಬಿಗೆ ಒಬ್ಬ ರಕ್ಷಣಾಧಿಕಾರಿ ಬೇಕಾಗಿತ್ತು. ಯಾರೂ ಒಪ್ಪದ ಕಾರಣ ಎದುರಿಗೆ ಇಲ್ಲದವನನ್ನು ಸರ್ವಾನುಮತದಿಂದ ಆರಿಸಿಬಿಟ್ಟಿದ್ದರು.

"ಏನೂ ಕೆಲಸ ಇರಲ್ಲ," ಅಂದರು ಕ್ಲಬ್ಬಿನ ಕಾರ್ಯದರ್ಶಿ. ಔಷಧಿ ಅಂಗಡಿ ಇಟ್ಟಿದ್ದ ಅವರು ಯಾವ ಮಾತನ್ನೂ ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಒಂದು ಅನ್ನುವ ಧಾಟಿಯಲ್ಲೇ ಹೇಳುತ್ತಿದ್ದರು. "ಈ ಹಳದಿ ಜಾಕೆಟ್ ಹಾಕ್ಕೊಳ್ಳಿ. ಈ ನಿಯಮದ ಪುಸ್ತಕ ಇಟ್ಕೊಳ್ಳಿ. ಮಕ್ಕಳಿಗೆ ಯಾರೂ ಬೈಬಾರ್ದು, ಹೊಡೀಬಾರ್ದು, ಹೆದರಿಸ್ಬಾರ್ದು. ಅಷ್ಟು ನೋಡ್ಕೊಂಡ್ರೆ ಸಾಕು."

ಅದಾಗಿ ಹತ್ತನೇ ದಿನ, ಭಾನುವಾರ ಬೆಳಿಗ್ಗೆ, ಹನ್ನೊಂದು ವರ್ಷದೊಳಗಿನವರ ಸೆಮಿಫೈನಲ್.

ಕನ್ನಡಕದಪ್ಪನಿಗೆ ತನ್ನ ಕನ್ನಡಕದ ಅಂಗಡಿ ಬಿಟ್ಟರೆ ಬೇರೆ ಲೋಕವಿಲ್ಲ. ಊರಿನವರ ಹೆಸರು ಮರೆತರೂ ಅವರ ಕಣ್ಣಿನ ನಂಬರು ಮರೆಯುತ್ತಿರಲಿಲ್ಲ. ಆಟ ಶುರುವಾಗಿ ಐದು ನಿಮಿಷ ಕಳೆದಿರಲಿಲ್ಲ, ಗೆರೆಯ ಪಕ್ಕದಲ್ಲಿ ಬ್ಯಾಂಕ್ ಮ್ಯಾನೇಜರು ಗಂಟಲು ಹರಿಯುವಂತೆ ಕೂಗಿದರು. "ಏಯ್ ರೆಫ್ರಿ! ಕಣ್ಣು ಕಾಣಲ್ವಾ ನಿಂಗೆ?"

ರೆಫ್ರಿಯಾಗಿದ್ದವಳು ಒಬ್ಬ ಕಾಲೇಜು ಹುಡುಗಿ. ಮ್ಯಾನೇಜರ ನಂಬರು ಮೈನಸ್ ಏಳು. ಮೂರು ವರ್ಷದಿಂದ ಗಾಜು ಬದಲಿಸಿಲ್ಲ. ಅವರು ಬೈಯುತ್ತಿದ್ದದ್ದು ರೆಫ್ರಿಗಲ್ಲ, ಮೈದಾನದ ಮೂಲೆಯ ಬಾವುಟಕ್ಕೆ.

"ಸಾರ್, ದಯವಿಟ್ಟು..." ಕನ್ನಡಕದಪ್ಪ ಕೈ ಜೋಡಿಸಿದ.

"ಬೈತಾ ಇಲ್ಲ ಕಣ್ರೀ, ಹುರಿದುಂಬಿಸ್ತಾ ಇದೀನಿ."

ಅವರನ್ನು ಬಿಟ್ಟು ಮುಂದೆ ಹೋದರೆ ಊರುಗೋಲು ಹಿಡಿದ ಅಜ್ಜಿಯೊಬ್ಬಳು ಮೊಮ್ಮಗನಿಗೆ ಪಾಠ ಹೇಳುತ್ತಿದ್ದಳು. "ಚೆಂಡು ಬಿಡೋ, ಅವನ ಕಾಲಿಗೇ ಒದಿಯೋ! ಚೆಂಡು ಎಲ್ಲಿಗೆ ಓಡಿ ಹೋಗುತ್ತೆ?"

"ಅಜ್ಜಿ, ಹಾಗೆಲ್ಲ ಹೇಳ್ಬಾರ್ದು."

ಅಜ್ಜಿ ಹಳದಿ ಜಾಕೆಟ್ಟನ್ನು ಮೇಲಿಂದ ಕೆಳಗೆ ನೋಡಿದಳು. "ಕಸದ ಗಾಡಿಯವನು ಕಸದ ಕೆಲಸ ನೋಡ್ಕೋಬೇಕಪ್ಪ."

ಹೀಗೆ ಎಮ್ಮೆಗಳ ಮೇಲೆ ಮಳೆಯಾಗಿ ಸುರಿಯುತ್ತ ಅವನು ಮೈದಾನವನ್ನು ಒಂದು ಸುತ್ತು ಹಾಕುವಷ್ಟರಲ್ಲಿ ನಮ್ಮ ತಂಡದ ಬಲೆಗೆ ಮೂರು ಗೋಲು ಬಿದ್ದಿದ್ದವು. ಕೀಪರ್ ಆಗಿದ್ದವನು ಬೇಕರಿಯವರ ಮಗ. ಹತ್ತು ವರ್ಷದ ಸಣಕಲು ಹುಡುಗ. ಕೈಗವಸು ಹಾಕಿದರೆ ಹುಡುಗನಿಗಿಂತ ಗವಸೇ ದಪ್ಪ. ಕೋಚ್ ಅವನಿಗೆ ಜರಡಿ ಅಂತ ಹೆಸರಿಟ್ಟಿದ್ದರು. ಹೆಸರು ಎಷ್ಟು ಚೆನ್ನಾಗಿ ಅಂಟಿತ್ತೆಂದರೆ ಕನ್ನಡಕದಪ್ಪನೂ ಅವನನ್ನು ಹಾಗೇ ಕರೆಯುತ್ತಿದ್ದ.

"ಜರಡೀ! ಕಲ್ಲು ನಿಲ್ಸಿದ್ರೂ ನಿನಗಿಂತ ವಾಸಿ ಕಣೋ!" ಕೋಚ್ ಗುಡುಗಿದರು. ಜನ ಗೊಳ್ಳೆಂದು ನಕ್ಕರು.

ಮಧ್ಯಂತರದಲ್ಲಿ ಕನ್ನಡಕದಪ್ಪನ ಮಗಳು ಓಡಿ ಬಂದಳು. ಹಿಂದಿನ ಸಾಲಿನಲ್ಲಿ ಆಡುತ್ತಿದ್ದ ಅವಳ ಕೈಯಲ್ಲಿ ಈಗ ಕೀಪರಿನ ಗವಸಿತ್ತು.

"ಅಪ್ಪಾ, ಕೋಚ್ ಸರ್ ನನ್ನನ್ನ ಕೀಪರ್ ಮಾಡಿದ್ರು. ಜರಡೀನ ಚೆಂಡಿನ ಕೋಣೇಲಿ ಹಾಕಿದಾರೆ."

"ಹಾಕಿದಾರೆ ಅಂದ್ರೆ?"

"ಚಿಲಕ ಹಾಕಿ. ಯಾವಾಗ್ಲೂ ಹಾಕ್ತಾರಲ್ಲ," ಎಂದು ಅವಳು ನೀರು ಕುಡಿಯಲು ಓಡಿದಳು.

ಕನ್ನಡಕದಪ್ಪ ಅತ್ತ ಓಡಿದ. ಪ್ರೇಕ್ಷಕರ ಮೆಟ್ಟಿಲುಗಳ ಕೆಳಗೆ ಹಳೆಯ ಬಲೆ, ಸುಣ್ಣದ ಡಬ್ಬ, ಗಾಳಿ ಹೋದ ಚೆಂಡು ತುಂಬುವ ಒಂದು ಉದ್ದನೆಯ ಕೋಣೆಯಿತ್ತು. ಕಿಟಕಿ ಇಲ್ಲ, ಬಾಗಿಲ ಮೇಲೆ ಅಂಗೈಯಗಲದ ಜಾಲರಿ. ಹೊರಗಿನ ಚಿಲಕ ತೆಗೆದು ಒಳಗೆ ಹೋದ. ಬಲೆಗಳ ರಾಶಿಯ ಹಿಂದೆ ಹುಡುಗ ಮೊಣಕಾಲಿಗೆ ಮುಖ ಒತ್ತಿ ಕೂತಿದ್ದ.

"ಬಾ ಮಗೂ, ಹೋಗೋಣ."

"ಬೇಡ ಅಂಕಲ್. ಕಣ್ಣು ಕೆಂಪಗಿದೆ. ಎಲ್ಲಾರೂ ಅಳುಮುಂಜಿ ಅಂತಾರೆ."

ಕೆಂಪು ಕಣ್ಣು ಎಂದರೆ ಕನ್ನಡಕದಪ್ಪನ ಕಸುಬೇ ಆಯಿತು. ಕರವಸ್ತ್ರಕ್ಕೆ ಬಾಟಲಿಯ ನೀರು ಹಾಕಿ ಹಿಂಡಿ ಕೊಟ್ಟ. "ಐದು ನಿಮಿಷ ಇಟ್ಕೋ. ಅತ್ತಿದ್ದು ದೇವರಿಗೂ ಗೊತ್ತಾಗಲ್ಲ." ತಾನೂ ಪಕ್ಕದಲ್ಲಿ ಕೂತ.

ಐದು ನಿಮಿಷ ಆಗಿರಲಿಲ್ಲ. ಬಾಗಿಲಿನ ಬೆಳಕು ಸಟ್ಟನೆ ಮಾಯವಾಯಿತು. ಹೊರಗಿನಿಂದ ಚಿಲಕ ಠಕ್ಕೆಂದಿತು.

"ರೀ! ಒಳಗಿದೀವಿ ರೀ!" ಕನ್ನಡಕದಪ್ಪ ಬಾಗಿಲು ಬಡಿದ. ಅದೇ ಹೊತ್ತಿಗೆ ಆಟದ ಸೀಟಿ ಕೇಳಿಸಿತು. ತಲೆಯ ಮೇಲಿನ ಮೆಟ್ಟಿಲುಗಳ ಮೇಲೆ ಇನ್ನೂರು ಕಾಲುಗಳು ಕುಣಿದವು. ಫೋನಾದರೂ ಇದ್ದಿದ್ದರೆ! ಮಕ್ಕಳ ಫೋಟೊ ತೆಗೆಯಬಾರದೆಂಬ ನಿಯಮಕ್ಕೆ ತಾನೇ ಮಾದರಿಯಾಗಲೆಂದು ಬೆಳಿಗ್ಗೆಯೇ ಅದನ್ನು ಕಾರ್ಯದರ್ಶಿಗಳ ಚೀಲಕ್ಕೆ ಹಾಕಿ ಬಂದಿದ್ದ.

"ಕೂಗ್ಬೇಡಿ ಅಂಕಲ್, ಕೇಳ್ಸಲ್ಲ. ಹೋದ್ಸಲ ನಾನೂ ಕೂಗಿದ್ದೆ."

"ಇದು ಎಷ್ಟನೇ ಸಲಾನಪ್ಪ?"

"ನಾಲ್ಕು. ಮೊದ್ಲು ಹೆದ್ರಿಕೆ ಆಗುತ್ತೆ. ಆಮೇಲೆ ಎಣಿಸ್ತಾ ಕೂತ್ರೆ ಹೋಗುತ್ತೆ. ನೀವೂ ಎಣಿಸಿ."

ಹೀಗೆ ಹತ್ತು ವರ್ಷದ ಹುಡುಗ ರಕ್ಷಣಾಧಿಕಾರಿಗೆ ಧೈರ್ಯ ಹೇಳಿದ. ಕನ್ನಡಕದಪ್ಪ ಎಣಿಸುವ ಬದಲು "ನಿನ್ನ ಹೆಸರೇನು ಮಗೂ?" ಎಂದು ಕೇಳಿದ. ಹುಡುಗ ಹೇಳಿದ. ಒಳ್ಳೆಯ ಹೆಸರು. ಯಾರೋ ಪ್ರೀತಿಯಿಂದ ಹುಡುಕಿ ಇಟ್ಟ ಹೆಸರು.

ಮೇಲೆ ದೊಡ್ಡ ಗದ್ದಲವೆದ್ದಿತು.

"ನಮ್ದು ಗೋಲು," ಅಂದ ಹುಡುಗ.

"ನಿಂಗೆ ಹೇಗೆ ಗೊತ್ತು?"

"ಕೋಚ್ ಸರ್ ಬೈಗುಳ ಕೇಳ್ಸಲಿಲ್ಲ. ಸದ್ದಲ್ಲೇ ಗೊತ್ತಾಗುತ್ತೆ ಅಂಕಲ್. ಚೆಂಡೂ ಅಷ್ಟೆ. ದೂರ ಇದ್ದಾಗ ಎಲ್ಲ ಹೊಗೆ ಥರ. ಒದ್ದ ಸದ್ದು ಕೇಳಿದ್ಮೇಲೆ ಯಾವ ಕಡೆ ಅಂತ ನೋಡಿ ಹಾರ್ತೀನಿ."

ಕನ್ನಡಕದಪ್ಪ ಬೆನ್ನು ನೆಟ್ಟಗೆ ಮಾಡಿದ. ಜಾಲರಿಯ ಬೆಳಕು ಕೋಣೆಯ ಆ ತುದಿಯ ಗೋಡೆಗೆ ಬಿದ್ದಿತ್ತು. ಅಲ್ಲಿ ಕೋಚ್ ತಮ್ಮ ಕೈಯಾರೆ ಮೊಳದುದ್ದದ ಅಕ್ಷರದಲ್ಲಿ 'ಶಿಸ್ತೇ ಗೆಲುವು' ಎಂದು ಬರೆದಿದ್ದರು.

"ಅಲ್ಲಿ ಗೋಡೆ ಮೇಲೆ ಏನು ಬರ್ದಿದೆ, ಓದು."

ಹುಡುಗ ಕಣ್ಣು ಕಿರಿದು ಮಾಡಿ ನೋಡಿದ. "ಅಲ್ಲಿ ಬರ್ದಿದಾರಾ?"

ಮೈನಸ್ ನಾಲ್ಕಕ್ಕೆ ಕಡಿಮೆಯಿಲ್ಲ. ಈ ಹುಡುಗ ದಿನಾ ಅಂಗಡಿಯ ಮುಂದೆಯೇ ಶಾಲೆಗೆ ಹೋಗುತ್ತಿದ್ದ. ಊರವರ ನಂಬರನ್ನೆಲ್ಲ ಬಾಯಿಪಾಠ ಮಾಡಿದ್ದ ಕನ್ನಡಕದಪ್ಪ ಆ ಕತ್ತಲಲ್ಲಿ ತನ್ನ ಕನ್ನಡಕ ತೆಗೆದು ಒರೆಸಿದ. ಒರೆಸಿದಷ್ಟೂ ಅದು ಮಂಜಾಗುತ್ತಿತ್ತು.

ಮೂವತ್ತೈದು ನಿಮಿಷದ ಮೇಲೆ ಬಾಗಿಲು ತೆಗೆದವಳು ಮಗಳು. ನಾಲ್ಕು–ಮೂರರಲ್ಲಿ ಗೆದ್ದಿದ್ದರು. ಕೋಚ್ ಜನರ ಹೆಗಲ ಮೇಲಿದ್ದರು. ಕೆಳಗೆ ಇಳಿಯದೆಯೇ ಕೇಳಿದರು. "ಅರೆ, ನೀವ್ಯಾಕ್ರೀ ಅಲ್ಲಿ?"

ಮಧ್ಯಾಹ್ನ ಊಟ ಬಿಟ್ಟು ಕನ್ನಡಕದಪ್ಪ ಮೂರು ಪುಟದ ವರದಿ ಬರೆದ. ಜೀವಮಾನದಲ್ಲಿ ಯಾರ ಮೇಲೂ ಒಂದು ಸಾಲು ದೂರು ಬರೆದವನಲ್ಲ, ಆದರೂ ಬರೆದ. ಸಂಜೆ ಔಷಧಿ ಅಂಗಡಿಯ ಮಹಡಿಯಲ್ಲಿ ಸಮಿತಿ ಸೇರಿತು. ಭಾನುವಾರದ ವ್ಯಾಪಾರ ಬಿಟ್ಟು ಆಟಕ್ಕೆ ಬಾರದಿದ್ದ ಬೇಕರಿಯವರೂ ಬಂದು ಕೂತರು. ತೋಳಿಗೆ ಮೈದಾಹಿಟ್ಟು ಮೆತ್ತಿತ್ತು.

ಕಾರ್ಯದರ್ಶಿಗಳು ವರದಿ ಓದಿ ಮುಗಿಸಿದರು. ಕೋಚ್ ಏನನ್ನೂ ಅಲ್ಲಗಳೆಯಲಿಲ್ಲ.

"ಹೌದು, ಚಿಲಕ ಹಾಕ್ದೆ. ಮತ್ತೆ ನೋಡಿದ್ರೆ ತೆಗೆದಿತ್ತು, ಮತ್ತೆ ಹಾಕ್ದೆ. ಒಳಗೆ ಇವರು ಕೂತಿರ್ತಾರೆ ಅಂತ ನಾನೇನು ಕನಸು ಕಂಡಿದ್ನಾ?"

ಬೇಕರಿಯವರು ಮೆಲ್ಲಗೆ ಕೇಳಿದರು. "ನಾಲ್ಕು ಸಲಾನಾ? ಮನೇಲಿ ಒಂದು ಮಾತೂ ಹೇಳಿಲ್ಲ ಅವನು."

"ನೋಡಿ, ಎಷ್ಟು ಗಟ್ಟಿ ಆಗಿದಾನೆ!" ಅಂದರು ಕೋಚ್.

ಬೇಕರಿಯವರು ತಲೆ ತಗ್ಗಿಸಿ ತೋಳಿನ ಹಿಟ್ಟು ಕೆರೆಯತೊಡಗಿದರು.

"ಅವನಿಗೆ ಕಣ್ಣು ಕಾಣಲ್ಲ ರೀ!" ಕನ್ನಡಕದಪ್ಪ ಎದ್ದು ನಿಂತ. "ನಾಳೇನೇ ಕನ್ನಡಕ ಬೇಕು!"

"ಓಹೋ," ಎಂದರು ಬ್ಯಾಂಕ್ ಮ್ಯಾನೇಜರು ಗೋಡೆಯ ಕ್ಯಾಲೆಂಡರನ್ನು ದುರುಗುಟ್ಟಿ ನೋಡುತ್ತ. "ಈಗ ಗೊತ್ತಾಯ್ತು. ಮಕ್ಕಳನ್ನ ಮೂಲೇಲಿ ಕೂರಿಸ್ಕೊಂಡು ವ್ಯಾಪಾರ!"

ಕಾರ್ಯದರ್ಶಿಗಳು ನಿಯಮದ ಪುಸ್ತಕ ತೆರೆದರು. ಔಷಧಿ ಚೀಟಿ ಓದುವಂತೆ ಬೆರಳಿಟ್ಟು ಓದಿದರು. "ಏಳನೇ ನಿಯಮ. ಮುಚ್ಚಿದ ಕೋಣೆಯಲ್ಲಿ ಯಾವ ದೊಡ್ಡವರೂ ಮಗುವಿನ ಜೊತೆ ಒಂಟಿಯಾಗಿ ಇರಕೂಡದು. ನೀವು ಎಷ್ಟು ಹೊತ್ತು ಇದ್ರಿ?"

"ಮೂವತ್ತೈದು ನಿಮಿಷ. ಆದ್ರೆ ಚಿಲಕ ಹಾಕಿದ್ದು..."

"ಹಾಕಿದವರು ಯಾರು ಅಂತ ಪುಸ್ತಕ ಕೇಳಲ್ಲ. ಒಳಗಿದ್ದವರು ಯಾರು ಅಂತ ಕೇಳುತ್ತೆ." ಅವರ ದನಿಯಲ್ಲಿ ನಿಜವಾದ ದುಃಖವಿತ್ತು. "ನಿಯಮ ಚೆನ್ನಾಗೇ ಇದೆ, ನಾವೇ ಮಾಡಿದ್ದು. ವಿಚಾರಣೆ ಮುಗಿಯೋವರೆಗೂ ನೀವು ಮೈದಾನಕ್ಕೆ ಕಾಲಿಡೋ ಹಾಗಿಲ್ಲ."

ಕೈಗಳು ಮೇಲೆದ್ದವು. ಬೇಕರಿಯವರ ಕೈ ಅರ್ಧಕ್ಕೆ ನಿಂತಿತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ರಕ್ಷಣಾಧಿಕಾರಿಯ ಜಾಗ ಖಾಲಿ ಇಡುವಂತಿರಲಿಲ್ಲ. ಈ ಸಲ ಯಾರೂ ಹೊರಗೆ ಹೋಗಬೇಕಾಗಲಿಲ್ಲ. ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ ಪ್ರಾಮಾಣಿಕರು ಎದುರಿಗೇ ಇದ್ದರು. ಕೋಚನ್ನೇ ಆರಿಸಿದರು.

ಕನ್ನಡಕದಪ್ಪ ಮೆಟ್ಟಿಲಿಳಿದು ಬೀದಿಗೆ ಬಂದ. ಮೊಣಕೈ ತರಚಿಕೊಂಡಿದ್ದ ಮಗಳು ಔಷಧಿ ಅಂಗಡಿಯ ಮುಂದೆಯೇ ಕಾಯುತ್ತಿದ್ದಳು. ಅಪ್ಪನನ್ನು ಕಂಡದ್ದೇ ಹಾರಿ ಬಂದು ತೋಳು ಹಿಡಿದಳು.

"ಅಪ್ಪಾ, ಕೋಚ್ ಸರ್ ಆಗ್ಲೇ ಹೇಳಿದ್ರು! ಇನ್ಮೇಲೆ ನಾನೇ ಕೀಪರ್! ಫೈನಲ್‌ಗೂ ನಾನೇ!"

ಕನ್ನಡಕದಪ್ಪ ಅವಳ ತರಚಿದ ಮೊಣಕೈ ತಿರುಗಿಸಿ ನೋಡಿದ. ಹಿಂದೆಯೇ ಇಳಿದು ಬಂದ ಕೋಚ್ ಅವನ ಹೆಗಲ ಮೇಲೆ ಭಾರವಾದ ಕೈಯಿಟ್ಟರು.

"ಮನಸ್ಸಿಗೆ ಹಚ್ಕೋಬೇಡಿ ಸಾರ್. ಫೈನಲ್ ದಿನ ನೀವು ನೆಮ್ಮದಿಯಾಗಿ ಮನೇಲಿರಿ. ಮಗಳ ರಕ್ಷಣೆ ಇನ್ನು ನನ್ನ ಜವಾಬ್ದಾರಿ."