ನನ್ನ ಮದುವೆಗೆ ಅಡ್ಡ ಬಿದ್ದಿರುವ ಕರ್ನಲ್ ಸಾಹೇಬರಿಗೆ

ಮಾನ್ಯರೇ,

ನಿಡಘಟ್ಟದ ಬಳಿಯ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ, ಮ್ಯಾನೇಜರಿಗೂ ದಕ್ಕದ ತಂಪು ಕೋಣೆಯೊಳಗೆ, ಬೀರುವಿನಷ್ಟೆತ್ತರದ ಪೆಟ್ಟಿಗೆಯಲ್ಲಿ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ ಆಪರೇಟರ್ ಸಂಪತ್ ಕುಮಾರನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ವೋಲ್ಟೇಜು ಸ್ಥಿರವಾಗಿದೆಯೆಂದು ನಂಬುತ್ತೇನೆ. ಇತ್ತ ನಾನು ಕ್ಷೇಮವಾಗಿಲ್ಲ.

ಕಂಪ್ಯೂಟರಿನೊಳಗೆ ಕುಳಿತು ಯಾವ ಕೆಲಸ ಯಾವ ಗಳಿಗೆಗೆ ನಡೆಯಬೇಕೆಂದು ಅಪ್ಪಣೆ ಕೊಡುವ ಒಳತಿರುಳಿಗೆ ಕೈಪಿಡಿ ಬರೆದವರು ಕೆರ್ನೆಲ್ ಎಂದು ಹೆಸರಿಟ್ಟಿದ್ದರೂ, ಮ್ಯಾನೇಜರಿಂದ ಹಿಡಿದು ಕಬ್ಬಿನ ಗಾಡಿಯ ಮಾದಯ್ಯನವರೆಗೆ ಎಲ್ಲರ ಬಾಯಲ್ಲೂ ತಾವು ಕರ್ನಲ್ಲೇ. "ಯಾಕ್ ಸ್ವಾಮಿ, ನಿಮ್ ಕರ್ನಲ್ಲು ಇನ್ನೂ ಎದ್ದಿಲ್ವಾ? ನಮ್ ಕಬ್ಬು ಒಣಗಿ ಸೌದೆ ಆಯ್ತಾ ಅದೆ" ಎಂದು ಮಾದಯ್ಯ ಕಿಟಕಿಯಲ್ಲಿ ಕೇಳಿದಾಗಲೆಲ್ಲ ತಮ್ಮ ಮಾನ ಕಾಯಲು ನಾನೇ ಹಲ್ಲು ಗಿಂಜಿದ್ದೇನೆ.

ಕಬ್ಬಿನ ಹಾಲು ಅಳೆದು ಬಿಡುವುದು, ಅದಕ್ಕೆ ತಕ್ಕ ಸುಣ್ಣದ ನೀರು ಬೆರೆಸುವುದು, ಇವೆರಡನ್ನೂ ಹೊತ್ತಿಗೆ ಸರಿಯಾಗಿ ಮಾಡಿಸುವುದು ತಮ್ಮ ಧರ್ಮ. ಹೊತ್ತು ಮೀರಿ ಮಾಡಿದರೆ ಮುಹೂರ್ತ ಕಳೆದ ಮೇಲೆ ಕಟ್ಟಿದ ತಾಳಿಯಂತೆ, ಮಾಡಿಯೂ ಮಾಡಿದಂತಲ್ಲ. ಇಷ್ಟು ಬಲ್ಲ ತಾವು ಈ ಹಂಗಾಮಿನಲ್ಲಿ ಹೇಳದೆ ಕೇಳದೆ ಬೀಳತೊಡಗಿದಿರಿ, ಅಂದರೆ ಕೆಲಸದ ನಡುವೆಯೇ ಸ್ತಬ್ಧರಾಗತೊಡಗಿದಿರಿ. ಎಲ್ಲಿ ಎಡವುತ್ತೀರೆಂದು ಕಾಣಲು, ತಾವಿಡುವ ಒಂದೊಂದು ಹೆಜ್ಜೆಯನ್ನೂ ಕಾಗದದ ಸುರುಳಿಯ ಮೇಲೆ ಅಚ್ಚು ಮಾಡುವ ಟ್ರೇಸಿಂಗ್ ಎಂಬ ಜಾಡು ಹಿಡಿಯುವ ಏರ್ಪಾಟನ್ನು ಚಾಲೂ ಮಾಡಿದೆ. ಆಹಾ, ಎಂಥ ಸನ್ನಡತೆ! ಒಂದು ಸಲವಾದರೂ ಬಿದ್ದಿದ್ದರೆ ಕೇಳಿ. ಜಾಡು ನಿಲ್ಲಿಸಿ ಕಾಫಿಗೆಂದು ಎದ್ದರೆ, ಲೋಟ ತುಟಿಗೆ ಬರುವಷ್ಟರಲ್ಲಿ ತಾವು ನೆಲಕ್ಕೆ.

ಕಡೆಗೂ ಗುಟ್ಟು ತಿಳಿಯಿತು. ಹಾಲೂ ಸುಣ್ಣವೂ ಒಂದೇ ಕ್ಷಣಕ್ಕೆ ಬಾಗಿಲಿಗೆ ಬಂದು, ಬೀಗರ ಮನೆಯ ಪಂಕ್ತಿಯಲ್ಲಿ ನಿಂತವರಂತೆ "ತಾವು ಮೊದಲು", "ಛೆ ಛೆ, ತಾವು ಮೊದಲು" ಎಂದು ಉಪಚಾರ ಮಾಡುತ್ತ ನಿಂತುಬಿಡುತ್ತವೆ; ಎರಡೂ ಕದಲದೆ ತಾವು ಬೀಳುತ್ತೀರಿ. ಜಾಡು ಚಾಲೂ ಇದ್ದರೆ ಹಾಲು ತನ್ನ ಹೆಸರು ಬರೆಸಿಕೊಳ್ಳುವಷ್ಟು ಹೊತ್ತು ತಡೆಯುವುದರಿಂದ ಸುಣ್ಣ ಒಳಗೆ ನುಸುಳುತ್ತದೆ. ಇದನ್ನು ಬುಡಸಮೇತ ಸರಿಪಡಿಸಲು ಹಂಗಾಮು ಮುಗಿದು ಯಂತ್ರ ನಿಲ್ಲಬೇಕು. ಅಲ್ಲಿಯವರೆಗೆ ಜಾಡು ಓಡುತ್ತಿರಬೇಕು, ಸಿಕ್ಕಿಕೊಳ್ಳುವ ಸುರುಳಿಯನ್ನು ಬಿಡಿಸಲು ಒಬ್ಬ ಕೂತಿರಬೇಕು, ಮತ್ತು ಆ ಪುಣ್ಯಾತ್ಮ ನಾನು.

ಈಗ ಮಳವಳ್ಳಿಯ ವಿಷಯ. ಸಂಸ್ಕೃತ ಪಂಡಿತರಾದ ಕಸ್ತೂರಿರಂಗ ಅವರ ಮಗಳು ಗೋದಾಳೊಂದಿಗೆ ನನ್ನ ನಿಶ್ಚಿತಾರ್ಥದ ದಿನ ತಾವು ಬಿದ್ದಿರಿ. ಅವರ ಮನೆಯೆದುರಿನ ದಿನಸಿ ಅಂಗಡಿಗೆ ಟ್ರಂಕ್ ಕಾಲ್ ಹಾಕಿ, ಕರ್ನಲ್ ಬಿದ್ದುಹೋಗಿದೆ, ಬರಲಾಗದು ಎಂದು ಗಂಟಲು ಹರಿಯುವಂತೆ ಕೂಗಿದೆ. ಅಂಗಡಿಯ ಮರಿಸಿದ್ದಯ್ಯ ಬೀದಿ ದಾಟಿ ಓಡಿದರಂತೆ: "ಸ್ವಾಮೇರೇ, ಉಡುಗನ ಕಡೆ ಯಾರೋ ಕರ್ನಲ್ಲು ಬಿದ್ದೋದ್ರಂತೆ ಪಾಪ, ಬರಾಕಾಗಕಿಲ್ವಂತೆ!" ಸೂತಕದ ಮನೆಯೊಡನೆ ಶುಭಕಾರ್ಯವೇ ಎಂದು ಅಜ್ಜಿ ತಿರುಮಲಮ್ಮ ಪಾಯಸದ ತಪ್ಪಲೆಗೆ ಮುಚ್ಚಳ ಹಾಕಿಸಿದರು. ಮುಂದಿಟ್ಟ ದಿನಕ್ಕೂ ತಾವು ಬಿದ್ದಿರಿ, ಮರಿಸಿದ್ದಯ್ಯ ಮತ್ತೆ ಓಡಿದರು. ಆಮೇಲೆ ಮುಖ ತೋರಿಸಲು ಹೋದರೆ ಪಂಡಿತರು ಕೇಳಿದ್ದು ಒಂದೇ ಮಾತು: "ಅಲ್ಲಪ್ಪಾ, ಒಬ್ಬರೇ ಕರ್ನಲ್ಲು ಎಷ್ಟು ಸಲ ಸಾಯ್ತಾರೆ?"

ಬೆವರುತ್ತಾ ಎಲ್ಲವನ್ನೂ ವಿವರಿಸಿದೆ. ಒಳಬಾಗಿಲ ಹಿಂದಿನಿಂದ ಗೋದಾ ನಕ್ಕಳು. "ಯಾರಾದ್ರೂ ನೋಡ್ತಿದ್ರೆ ಮಾತ್ರ ನೆಟ್ಟಗಿರತ್ತೆ ಅಂದ್ರೆ, ಅದು ಗಂಡಸೇ ಸರಿ ಬಿಡಿ" ಎಂದಳು. ಸ್ವಾಮಿ, ಮದುವೆಯಾದರೆ ಇವಳನ್ನೇ ಎಂದು ನಾನು ಕುರ್ಚಿಯ ಮೇಲೇ ತೀರ್ಮಾನಿಸಿಬಿಟ್ಟೆ. ನಿಶ್ಚಿತಾರ್ಥದ ತಂಟೆಯೇ ಬೇಡವೆಂದು ಪಂಡಿತರು ಬರುವ ಶುಕ್ರವಾರಕ್ಕೆ ನೇರವಾಗಿ ಧಾರೆಯ ಮುಹೂರ್ತವನ್ನೇ ಇಟ್ಟಿದ್ದಾರೆ. ಅದೂ ತಪ್ಪಿದರೆ ಮಗಳನ್ನು ಮಂಡ್ಯದ ಬ್ಯಾಂಕ್ ಗುಮಾಸ್ತನಿಗೆ ಕೊಡುತ್ತಾರಂತೆ. ಅವನಿಗೆ ಕರ್ನಲ್ ಪರಿಚಯವಿಲ್ಲ, ಭಾನುವಾರ ರಜವೂ ಉಂಟು.

ಮ್ಯಾನೇಜರು ರಜ ಕೊಟ್ಟಿದ್ದಾರೆ, ಸುರುಳಿಯ ಮುಂದೆ ಖುದ್ದಾಗಿ ಕೂರುವುದಾಗಿ ಮಾತನ್ನೂ ಕೊಟ್ಟಿದ್ದಾರೆ. ಆದರೆ ಊಟವಾದ ಮೇಲೆ ಅವರ ಕಣ್ಣು ತೆರೆದಿದ್ದನ್ನು ಈ ಕಾರ್ಖಾನೆಯಲ್ಲಿ ಕಂಡವರಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಗದಿರಲು ತಮ್ಮಲ್ಲಿ ಕೈಮುಗಿದು ಕೇಳುವುದಿಷ್ಟು: ಶುಕ್ರವಾರ ಒಂದು ದಿನ, ಯಾರೂ ನೋಡದಿದ್ದರೂ ನೋಡುತ್ತಿದ್ದಾರೆಂದೇ ಭಾವಿಸಿ ನಡೆಯತಕ್ಕದ್ದು. ಹಾಲಿಗೂ ಸುಣ್ಣಕ್ಕೂ ಯಾರು ಹಿರಿಯರೆಂದು ಗುರುವಾರದೊಳಗೆ ಪಂಚಾಯಿತಿ ಮಾಡಿ ತೀರ್ಮಾನಿಸತಕ್ಕದ್ದು. ಅಷ್ಟಕ್ಕೂ ಬೀಳಲೇಬೇಕೆಂಬ ಹಟವಿದ್ದರೆ, ಪೆಟ್ಟಿಗೆಯಿಂದಿಳಿದು ಮಳವಳ್ಳಿಯ ಬಸ್ಸು ಹತ್ತಿ ಬಂದು, ಕಣ್ಣೆದುರೇ ಬೀಳತಕ್ಕದ್ದು. ಒಬ್ಬ ಕರ್ನಲ್ ನಿಜವಾಗಿ ಇದ್ದಾರೆಂದು ತಿರುಮಲಮ್ಮನವರಿಗಾದರೂ ಸಮಾಧಾನವಾದೀತು.

ತಮ್ಮ ಸುರುಳಿಯನ್ನು ಬಿಡಿಸಿ ಬಿಡಿಸಿ ಬೆರಳು ಸವೆದ,
ತಮ್ಮ ವಿಶ್ವಾಸಿ,
ಸಂಪತ್ ಕುಮಾರ

ಬಿಟ್ಟುಹೋದ ಮಾತು: ಮುಹೂರ್ತದ ಹೊತ್ತಿಗೆ ಬಿದ್ದರೆ ನಾನು ಎಂದಿನಂತೆ ಓಡಿ ಬರುತ್ತೇನೆಂದು ತಿಳಿದಿರಬಹುದು. ಅಂದು ನನ್ನ ಶಲ್ಯಕ್ಕೂ ಗೋದಾಳ ಸೆರಗಿಗೂ ಗಂಟು ಹಾಕಿರುತ್ತಾರೆ, ಬಿಚ್ಚುವ ಹಾಗಿಲ್ಲ, ಆದ್ದರಿಂದ ಬಂದರೆ ಇಬ್ಬರೂ ಬರುತ್ತೇವೆ. ತಮ್ಮ ಜಾಡು ಓದುತ್ತಾ ಕೂರುವ ತಾಳ್ಮೆ ನನ್ನದು. ಅವಳು ಈಗಾಗಲೇ ಮೈನ್ ಸ್ವಿಚ್ಚು ಎಲ್ಲಿದೆಯೆಂದು ಕೇಳಿ ತಿಳಿದುಕೊಂಡಿದ್ದಾಳೆ.