ಮಾರ್ಕು ಇಳಿಸಿಕೊಳ್ಳಲು ಪಾಳಿ ಹಚ್ಚಿದ್ದು

ಬಾರದ ವಿದ್ಯೆಯಿಂದಲೂ ಮನುಷ್ಯನಿಗೆ ದೊಡ್ಡ ಪದವಿ ಸಿಗಬಹುದು ಎಂಬುದಕ್ಕೆ ನಾನೇ ಸಾಕ್ಷಿ. ಗೋಕಾಕದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಓದುವಾಗಲೂ ಗಣಿತದಲ್ಲಿ ಪಾಸಿನ ಗೆರೆ ಹಿಡಿದುಕೊಂಡೇ ನಡೆದವನು. ಅಂಥವನು ಬ್ಯಾಂಕಾಕಿನಲ್ಲಿ ನಡೆದ ಶಾಲಾ ಮಕ್ಕಳ ಅಂತರರಾಷ್ಟ್ರೀಯ ಗಣಿತ ಸ್ಪರ್ಧೆಗೆ ತಂಡದ ನಾಯಕನಾಗಿ ಹೋಗಿಬಂದೆ. ಕಾರಣ ಇಷ್ಟೇ, ನನ್ನ ಹತ್ತಿರ ಪಾಸ್‌ಪೋರ್ಟ್ ಇತ್ತು. ದುಬೈಯಲ್ಲಿದ್ದ ನನ್ನ ಷಡ್ಡಕ ಒಮ್ಮೆ ಬಂದು ಹೋಗಿ ಎಂದು ಕರೆದಿದ್ದ. ನಾನು ಪಾಸ್‌ಪೋರ್ಟ್ ಮಾಡಿಸುವಷ್ಟರಲ್ಲಿ ಅವನೇ ಕೆಲಸ ಬಿಟ್ಟು ಸಂಕೇಶ್ವರಕ್ಕೆ ಬಂದುಬಿಟ್ಟ. ಅಂದಿನಿಂದ ಅದು ಕಪಾಟಿನಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು.

ತಂಡವನ್ನು ಕಟ್ಟಿದವರು ನಮ್ಮ ಗಣಿತದ ಪಾಟೀಲ ಟೀಚರು. ಮೂಡಲಗಿಯಿಂದ ರೇಣುಕಾ, ಹುಕ್ಕೇರಿಯಿಂದ ಸವಿತಾ, ನಮ್ಮ ಶಾಲೆಯದೇ ಅಶ್ವಿನಿ. ಮೂವರೂ ಹತ್ತನೆಯ ತರಗತಿ. ಒಂದು ವರ್ಷ ಪ್ರತಿ ರವಿವಾರ ರೇಣುಕಾ, ಸವಿತಾ ಬಸ್ ಹಿಡಿದು ಗೋಕಾಕಕ್ಕೆ ಬಂದು, ಅಶ್ವಿನಿಯ ಜೊತೆ ಟೀಚರ ಮನೆಯ ಪಡಸಾಲೆಯಲ್ಲಿ ಲೆಕ್ಕ ಬಿಡಿಸಿದರು. ಹೊರಡಲು ಎಂಟು ದಿನ ಉಳಿದಾಗ ಟೀಚರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಹೆಡ್‌ಮಾಸ್ತರರು ಸ್ಟಾಫ್ ರೂಮಿಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಪಾಸ್‌ಪೋರ್ಟ್ ಯಾರ ಕಡೆ ಐತ್ರಿ?" ನಾನು ಕೈ ಎತ್ತಿದೆ. ಬಾಲ್ಯದಲ್ಲಿ ಗಣಿತದ ಪ್ರಶ್ನೆಗೆ ಒಮ್ಮೆಯೂ ಎತ್ತದ ಕೈ ಅದು.

ಬೀಳ್ಕೊಡಲು ಬಂದ ರೇಣುಕಾಳ ಅಪ್ಪ ಕುರಿ ಕಾಯುವವರು. ನನ್ನ ಹೆಗಲ ಮೇಲೆ ಒಂದು ಕರಿ ಕಂಬಳಿ ಹೊದಿಸಿ, "ದೂರ ಹೊಂಟೀರಿ ಸರ, ಥಂಡಿ ಇರ್ತೈತಿ, ಇರ್ಲಿ" ಎಂದರು. ಬ್ಯಾಂಕಾಕಿನ ಸೆಖೆಯ ಬಗ್ಗೆ ಅವರಿಗೆ ಹೇಳುವ ಮನಸ್ಸಾಗಲಿಲ್ಲ. ಆದರೆ ಹೋಟೆಲಿನ ಎಸಿ ಹೇಗೆ ಬಂದ್ ಮಾಡಬೇಕೆಂದು ನನಗೆ ಕೊನೆಯವರೆಗೂ ತಿಳಿಯದ್ದರಿಂದ, ಐದು ರಾತ್ರಿ ನನ್ನನ್ನು ಉಳಿಸಿದ್ದು ಆ ಕಂಬಳಿಯೇ.

ಸ್ಪರ್ಧೆಯಲ್ಲಿ ಮೂವರೂ ಕೂಡಿ ಚರ್ಚಿಸಿ ಒಂದೇ ಉತ್ತರಪತ್ರಿಕೆ ಬರೆಯಬೇಕು. ಆಮೇಲೆ ತಿದ್ದಿದ ಪತ್ರಿಕೆಯ ಪ್ರತಿಯನ್ನು ತಂಡಕ್ಕೆ ಕೊಡುತ್ತಾರೆ. ಅನ್ಯಾಯವಾಗಿದೆ ಅನ್ನಿಸಿದರೆ ನಾಯಕರು ತೀರ್ಪುಗಾರರ ಹತ್ತಿರ ಹೋಗಿ ವಾದ ಮಾಡಬಹುದು. ನಾನು ಮಾರ್ಕು ಕೂಡಿಸಿದೆ. ಅಷ್ಟು ಗಣಿತ ನನಗೂ ಬರುತ್ತದೆ. ಕಂಚಿನ ಪದಕಕ್ಕೆ ಬೇಕಾದಷ್ಟು ಇತ್ತು, ಮೇಲೆ ಎರಡು ಉಳಿದಿತ್ತು! ನಾನು ಮನಸ್ಸಿನಲ್ಲೇ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಮೆರವಣಿಗೆ ಹೊರಡಿಸಿ, ಯಾವ ಅಂಗಡಿಯಿಂದ ಕರದಂಟು ತರಿಸಬೇಕೆಂದು ಯೋಚಿಸುತ್ತಿದ್ದೆ. ಹುಡುಗಿಯರು ಮಾತ್ರ ಪತ್ರಿಕೆಯ ಮೇಲೆ ಬಗ್ಗಿ ಗುಸುಗುಸು ನಡೆಸಿದ್ದರು.

"ಸರ, ಐದನೇ ಲೆಕ್ಕಕ್ಕ ಪೂರಾ ಏಳು ಮಾರ್ಕ್ ಕೊಟ್ಟಾರ್ರಿ" ಎಂದಳು ರೇಣುಕಾ.

"ಭಾಳ ಛಲೋ ಆತಲ್ಲವಾ."

"ಛಲೋ ಅಲ್ರಿ. ನಾವು ಅದರಾಗ ಒಂದು ಭಾಗ ಬಿಡಿಸೇ ಇಲ್ಲ. ಮೂರೋ ನಾಲ್ಕೋ ಬರಬೇಕಾಗಿತ್ತು. ನೀವು ಹೋಗಿ ಹೇಳ್ರಿ."

ನನ್ನ ಮೆರವಣಿಗೆ ನಡುರಸ್ತೆಯಲ್ಲೇ ನಿಂತಿತು. "ತಿದ್ದಿದವರಿಗೇ ಗೊತ್ತಾಗಿಲ್ಲ. ನಮಗೂ ಗೊತ್ತಾಗಿಲ್ಲಂತ ತಿಳ್ಕೊಂಡು ಸುಮ್ಮನ ಇರ್ರಿ" ಎಂದುಬಿಟ್ಟೆ. ಸವಿತಾ ಪೆನ್ನಿನ ಟೋಪಿ ಕಚ್ಚುತ್ತ ನೆಲ ನೋಡಿದಳು. ಅಶ್ವಿನಿ ಅಳುವ ಹಾಗಾದಳು. ರೇಣುಕಾ ಮಾತ್ರ ನನ್ನನ್ನೇ ನೋಡಿ ಮೆಲ್ಲಗೆ, "ನಮಗ ಗೊತ್ತಾಗೇತಲ್ರಿ ಸರ" ಎಂದಳು.

ಹೋದೆ. ಮತ್ತೇನು ಮಾಡಲಿ? ಹತ್ತಾರು ದೇಶಗಳ ನಾಯಕರು ಪಾಳಿ ಹಚ್ಚಿ ನಿಂತಿದ್ದರು. ಒಬ್ಬರು ಅರ್ಧ ಮಾರ್ಕಿಗಾಗಿ ಮೇಜು ಕುಟ್ಟುತ್ತಿದ್ದರು. ನನ್ನ ಸರದಿ ಬಂದಾಗ ಪತ್ರಿಕೆ ಚಾಚಿ, "ಮೇಡಂ, ಪ್ಲೀಸ್, ಡಿಕ್ರೀಸ್" ಎಂದೆ. ತೀರ್ಪುಗಾರ್ತಿ ಕರುಣೆಯಿಂದ ನಕ್ಕು, ನನ್ನ ಇಂಗ್ಲಿಷ್ ತಿದ್ದಿದರು: "ಇನ್‌ಕ್ರೀಸ್?" ನಾನು "ನೋ, ಡಿಕ್ರೀಸ್" ಎಂದೆ. ಅವರು ಮತ್ತೆ "ಇನ್‌ಕ್ರೀಸ್" ಎಂದರು. ಕೊನೆಗೆ ಏಳರ ಮುಂದೆ ದೊಡ್ಡದೊಂದು ಕಳೆಯುವ ಗುರುತು ಹಾಕಿ, ರೇಣುಕಾ ಬರೆದುಕೊಟ್ಟಿದ್ದ ಚೀಟಿ ತೋರಿಸಿದೆ. ಅವರು ಚೀಟಿ ಓದಿದರು, ಪತ್ರಿಕೆ ಓದಿದರು, ಬಾಜೂದವರನ್ನು ಕರೆದು ಓದಿಸಿದರು. ಆಮೇಲೆ ಏಳನ್ನು ಹೊಡೆದು ಮೂರು ಮಾಡಿ, ಎದ್ದು ನಿಂತು ನನ್ನ ಕೈ ಕುಲುಕಿದರು. ಮೇಜು ಕುಟ್ಟುತ್ತಿದ್ದವರೂ ತಿರುಗಿ ನೋಡಿದರು.

ಕಂಚು ಹೋಯಿತು. ಪ್ರಮಾಣಪತ್ರ ಉಳಿಯಿತು. ಸಮಾರೋಪದಲ್ಲಿ ಆ ತೀರ್ಪುಗಾರ್ತಿ ಹುಡುಗಿಯರನ್ನು ವೇದಿಕೆಗೆ ಕರೆದು ನಡೆದದ್ದನ್ನು ಹೇಳಿದಾಗ ಇಡೀ ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು. ಚಿನ್ನ ಗೆದ್ದವರಿಗೂ ಅಷ್ಟು ಹೊತ್ತು ತಟ್ಟಿರಲಿಲ್ಲ. ನನ್ನ ಕನ್ನಡಕ ಎರಡು ಸಲ ಒರೆಸಬೇಕಾಯಿತು. ಫೋನಿನಲ್ಲಿ ಪಾಟೀಲ ಟೀಚರು ಎಲ್ಲ ಕೇಳಿ, "ಅದೊಂದು ಭಾಗ ಹೆಂಗ ಬಿಟ್ಟ್ರು ಈ ಹುಡುಗ್ಯಾರು?" ಎಂದಷ್ಟೇ ಬೈದರು. ಧ್ವನಿ ಮಾತ್ರ ಒದ್ದೆಯಾಗಿತ್ತು.

ಊರಿಗೆ ಬಂದ ಮೇಲೆ ಶಾಲೆಯಲ್ಲಿ ಸತ್ಕಾರವಾಯಿತು. ಹೆಡ್‌ಮಾಸ್ತರರು ಮೈಕು ಹಿಡಿದು, "ಮಕ್ಕಳಿಗೆ ಇಂಥಾ ಪ್ರಾಮಾಣಿಕತೆ ಕಲಿಸಿದ ಗುರುಗಳು ಇವರು!" ಎಂದು ನನ್ನತ್ತ ಕೈ ತೋರಿದರು. ನಾನು ಗಾಬರಿಯಿಂದ ಹುಡುಗಿಯರ ಕಡೆ ನೋಡಿದೆ. ಮೂವರೂ ತುಟಿ ಬಿಗಿಹಿಡಿದು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಹಾರ ಹಾಕುವಾಗ ನಾನು ತಲೆಯನ್ನು ಬಹಳ ಕೆಳಗೆ ಬಗ್ಗಿಸಿದೆ. ಎಷ್ಟು ವಿನಯ ನೋಡ್ರಿ ಎಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು.